ಯಾವ ದೇಶದ ಡಿಸ್ಕಾದರೂ ನಮ್ಮ ಮನೆಯಲ್ಲಿ ಓಡಲಿ



ಅಂಗೈಯಗಲದ ಮೊಬೈಲಿನಲ್ಲಿ ಸಿನಿಮಾ ನೋಡುವ ಕಾಲ ಇದು. ಈಗ ಡಿವಿಡಿ ಪ್ಲೇಯರ್ ಕೊಳ್ಳುವ ಮಾತು ಯಾಕೆ ಎಂದು ನೀವು ಕೇಳಬಹುದು. ಆದರೆ ನಮ್ಮ ಶಿವಮೊಗ್ಗದ ರವೀಂದ್ರನಗರದಲ್ಲಾಗಲಿ, ಪಕ್ಕದ ಭದ್ರಾವತಿಯ ನ್ಯೂಟೌನಿನಲ್ಲಾಗಲಿ ಯಾವುದಾದರೂ ಹಳೆಯ ಮನೆಯ ಶೋಕೇಸ್ ತೆರೆದು ನೋಡಿ. ರಾಜ್‌ಕುಮಾರ್ ಚಿತ್ರಗಳ ವಿಸಿಡಿ ಒಂದು ಕಟ್ಟು ಇರುತ್ತದೆ. ಮಗಳ ಮದುವೆಯ ಡಿವಿಡಿ, ಹೊಳೆಯುವ ಅಟ್ಟೆಯ ಹೊದಿಕೆಯಲ್ಲಿ. ಅಮೆರಿಕದಿಂದ ಬಂದ ಮೊಮ್ಮಗನ ನಾಮಕರಣದ ಡಿಸ್ಕು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ತಾರೀಖು. ರಜೆಗೆ ಬಂದ ಮಗ ಬಿಟ್ಟುಹೋದ ನಾಲ್ಕೈದು ಇಂಗ್ಲಿಷ್ ಚಿತ್ರಗಳು. ಇವೆಲ್ಲ ಭದ್ರವಾಗಿವೆ. ಕೆಟ್ಟು ಅಟ್ಟ ಸೇರಿರುವುದು ಪ್ಲೇಯರ್ ಮಾತ್ರ. ಹೊಸದೊಂದು ತರೋಣ ಎಂದು ಹೊರಟವರಿಗೆ ನನ್ನ ಮಾತು ಇಷ್ಟೇ: ತರುವುದಾದರೆ ಎಲ್ಲ ದೇಶಗಳ ಡಿಸ್ಕುಗಳನ್ನೂ ಓಡಿಸುವ ಪ್ಲೇಯರ್ ತನ್ನಿ. ಅಂಗಡಿಯವರ ಮಾತಿನಲ್ಲಿ ‘ಮಲ್ಟಿ ರೀಜನ್’ ಅಥವಾ ‘ರೀಜನ್ ಫ್ರೀ’. ಅದು ಯಾಕೆ ಬೇಕು, ಕೊಳ್ಳುವಾಗ ಏನೇನು ನೋಡಬೇಕು ಎಂಬುದನ್ನು ಇವತ್ತು ತುಸು ವಿವರವಾಗಿ ಹೇಳುತ್ತೇನೆ.

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ, 1996ರ ನವೆಂಬರಿನಲ್ಲಿ. ಮರುವರ್ಷ ಅಮೆರಿಕಕ್ಕೆ ಬಂತು. ಆ ಕಾಲದಲ್ಲಿ ಹಾಲಿವುಡ್ ಚಿತ್ರ ಮೊದಲು ಅಮೆರಿಕದ ಥಿಯೇಟರುಗಳಲ್ಲಿ ಓಡಿ, ಎಷ್ಟೋ ತಿಂಗಳ ಮೇಲೆ ಯುರೋಪಿಗೆ, ಏಷ್ಯಾಕ್ಕೆ ಬರುತ್ತಿತ್ತು. ಇಲ್ಲಿ ಥಿಯೇಟರಿಗೆ ಬರುವ ಹೊತ್ತಿಗೆ ಅಲ್ಲಿ ಡಿಸ್ಕೇ ಅಂಗಡಿಯಲ್ಲಿರುತ್ತಿತ್ತು. ಆ ಡಿಸ್ಕು ಸಮುದ್ರ ದಾಟಿ ಬಂದರೆ ಥಿಯೇಟರಿನ ಗಳಿಕೆ ಹೋಗುತ್ತದೆ ಎಂಬ ಭಯ ಸ್ಟುಡಿಯೋಗಳಿಗೆ. ಒಂದೊಂದು ದೇಶದಲ್ಲಿ ಒಂದೊಂದು ಬೆಲೆಗೆ ಮಾರುವ ಅನುಕೂಲವೂ ಅವರಿಗೆ ಬೇಕಿತ್ತು. ಅದಕ್ಕಾಗಿ ಭೂಮಿಯನ್ನೇ ಆರು ವಲಯಗಳಾಗಿ ಹಂಚಿದರು. ಅಮೆರಿಕ, ಕೆನಡಾ ಮೊದಲನೆಯದು. ಯುರೋಪು, ಜಪಾನು, ಮಧ್ಯಪ್ರಾಚ್ಯ, ದಕ್ಷಿಣ ಆಫ್ರಿಕಾ ಎರಡನೆಯದು. ಸಿಂಗಾಪುರ, ಹಾಂಗ್‌ಕಾಂಗ್, ಕೊರಿಯಾದ ಕಡೆಯದು ಮೂರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗೆ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕ ಸೇರಿ ನಾಲ್ಕು. ಭಾರತ, ನಮ್ಮ ನೆರೆಯ ದೇಶಗಳು, ರಷ್ಯಾ, ಆಫ್ರಿಕಾದ ಬಹುಭಾಗ ಐದು. ಚೀನಾಕ್ಕೆ ಒಂದಕ್ಕೇ ಆರು. ವಿಮಾನ, ಹಡಗುಗಳಿಗೆಂದು ಎಂಟನೆಯದನ್ನೂ ಇಟ್ಟರು. ಏಳನೆಯದನ್ನು ಕಾಯ್ದಿರಿಸಿದರು.

ಡಿಸ್ಕಿನ ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರವಿದ್ದು ಅದರ ಮಧ್ಯೆ ಒಂದು ಅಂಕಿ ಇರುತ್ತದೆ. ಅದೇ ಈ ವಲಯದ ಗುರುತು. ಅಂಕಿಯ ಜಾಗದಲ್ಲಿ ‘ಆಲ್’ ಎಂದಿದ್ದರೆ ಅಥವಾ ಸೊನ್ನೆ ಇದ್ದರೆ ಎಲ್ಲ ಕಡೆ ಓಡುತ್ತದೆ. ಡಿಸ್ಕಿನ ಒಳಗೆ ಈ ಗುರುತು ಇರುವುದು ಕೇವಲ ಎಂಟು ಬಿಟ್‌ಗಳಲ್ಲಿ, ಅಂದರೆ ಒಂದು ಬೈಟಿನಲ್ಲಿ. ಒಂದೊಂದು ವಲಯಕ್ಕೆ ಒಂದೊಂದು ಬಿಟ್. ಪ್ಲೇಯರ್ ಡಿಸ್ಕನ್ನು ತಿರುಗಿಸಿ ಮೊದಲು ಆ ಬೈಟ್ ಓದುತ್ತದೆ, ತನ್ನಲ್ಲಿ ಬರೆದಿಟ್ಟಿರುವ ವಲಯಕ್ಕೆ ಅನುಮತಿ ಇದೆಯೇ ಎಂದು ತಾಳೆ ನೋಡುತ್ತದೆ. ಇಲ್ಲದಿದ್ದರೆ ಪರದೆಯ ಮೇಲೆ ‘ರಾಂಗ್ ರೀಜನ್’ ಎಂದು ತೋರಿಸಿ ನಿಂತುಬಿಡುತ್ತದೆ. ನಾಲ್ಕೂವರೆ, ಐದು ಸಾವಿರ ಕೋಟಿ ಬಿಟ್‌ಗಳ ಚಿತ್ರವೆಲ್ಲ ಅಲ್ಲೇ ಇದೆ, ಲೇಸರ್ ಅದನ್ನು ಓದಲೂ ಬಲ್ಲದು. ಓದಬೇಡ ಎಂದು ಕಾರ್ಖಾನೆಯಲ್ಲಿ ಹೇಳಿ ಕಳಿಸಿದ್ದಾರೆ, ಅಷ್ಟೇ. ಎಲ್ಲ ವಲಯದ ಪ್ಲೇಯರಿನಲ್ಲಿ ಬೇರೆ ಲೇಸರ್ ಇರುವುದಿಲ್ಲ, ಬೇರೆ ಮೋಟಾರೂ ಇರುವುದಿಲ್ಲ. ಈ ಒಂದು ಪ್ರಶ್ನೆಗೆ ಅದು ಯಾವಾಗಲೂ ‘ಆಗಬಹುದು’ ಎನ್ನುತ್ತದೆ.

ನಮ್ಮ ದೇಶದ ಚಿತ್ರೋದ್ಯಮ ಈ ಬೇಲಿಯನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ. ಕನ್ನಡದ್ದಾಗಲಿ, ಹಿಂದಿಯದಾಗಲಿ, ಇಲ್ಲಿ ತಯಾರಾದ ಡಿವಿಡಿಗಳ ಮೇಲೆ ಸಾಮಾನ್ಯವಾಗಿ ‘ಆಲ್’ ಎಂದೇ ಇರುತ್ತದೆ. ನಮ್ಮ ಪ್ರೇಕ್ಷಕರು ದುಬೈಯಲ್ಲಿದ್ದಾರೆ, ನ್ಯೂಜೆರ್ಸಿಯಲ್ಲಿದ್ದಾರೆ, ಲಂಡನ್ನಿನಲ್ಲಿದ್ದಾರೆ. ಒಂದೇ ಡಿಸ್ಕು ಎಲ್ಲರಿಗೂ ಸಾಕಾಗಬೇಕು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಾಗ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಅಸಲಿ ಡಿಸ್ಕು ಬಂತು. ಬಾಡಿಗೆಗೆ ತಂದು ಮಾರನೆಯ ದಿನ ಹಿಂತಿರುಗಿಸುತ್ತಿದ್ದವರು ಕೊಂಡು ಇಟ್ಟುಕೊಳ್ಳತೊಡಗಿದರು. ಇವತ್ತು ಶೋಕೇಸಿನಲ್ಲಿರುವ ಕಟ್ಟುಗಳಲ್ಲಿ ಬಹಳಷ್ಟು ಆ ಕಾಲದವೇ.

ಇನ್ನು ಮನೆಯ ಸಮಾರಂಭಗಳ ಡಿಸ್ಕಿನ ವಿಷಯ. ಇಲ್ಲಿ ಬಹಳ ಜನರಿಗೆ ಗೊಂದಲ ಇರುವುದರಿಂದ ನಿಧಾನವಾಗಿ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಮನೆಯವರು ನನ್ನನ್ನು ಕರೆದರು. “ಸ್ವಲ್ಪ ಬಂದು ನೋಡಿ ಮಾರಾಯ್ರೆ, ಮಗ ಕಳಿಸಿದ ಡಿಸ್ಕು ಹಾಕಿದ್ರೆ ಬರೀ ಕಪ್ಪು ಬಿಳುಪು ಬರುತ್ತೆ. ಮಗು ಮುಖ ಮೇಲಕ್ಕೆ ಓಡ್ತಾನೇ ಇದೆ, ಒಂದು ಕಡೆ ನಿಲ್ತಾ ಇಲ್ಲ” ಎಂದರು. ಹಿರಿಯರು, “ಅದೇ ಕಣ್ರೀ, ಅಮೆರಿಕದ ರೀಜನ್ನು, ನಮ್ಮಲ್ಲಿ ಓಡಲ್ಲ” ಎಂದು ಆಗಲೇ ತೀರ್ಪು ಕೊಟ್ಟಿದ್ದರು. ನಿಜವಾಗಿ ಅದಕ್ಕೂ ವಲಯಕ್ಕೂ ಸಂಬಂಧವೇ ಇರಲಿಲ್ಲ. ಮನೆಯಲ್ಲಿ ಬರೆದುಕೊಂಡ ಡಿಸ್ಕಿಗೆ ವಲಯದ ಬೀಗ ಇರುವುದಿಲ್ಲ. ತೊಡಕು ಇದ್ದದ್ದು ಟಿವಿಯ ಪದ್ಧತಿಯಲ್ಲಿ. ನಮ್ಮ ದೇಶದ್ದು ಪಾಲ್ ಪದ್ಧತಿ: ಸೆಕೆಂಡಿಗೆ 25 ಚಿತ್ರ, ಒಂದು ಚಿತ್ರಕ್ಕೆ 625 ಗೆರೆ. ಅಮೆರಿಕ, ಜಪಾನಿನದು ಎನ್‌ಟಿಎಸ್‌ಸಿ: ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ, 525 ಗೆರೆ. ಪಾಲ್ ಒಂದನ್ನೇ ಬಲ್ಲ ಹಳೆಯ ಡಬ್ಬ ಟಿವಿಗೆ ಎನ್‌ಟಿಎಸ್‌ಸಿ ಚಿತ್ರ ಕಳಿಸಿದರೆ ಬಣ್ಣ ಹೋಗುತ್ತದೆ, ಚಿತ್ರ ಉರುಳುತ್ತದೆ. ಅವರ ಪ್ಲೇಯರಿನ ಮೆನುವಿನಲ್ಲಿ ಟಿವಿ ಪದ್ಧತಿಯನ್ನು ಪಾಲ್‌ಗೆ ಬದಲಿಸಿದೆವು. ಪ್ಲೇಯರೇ ಚಿತ್ರವನ್ನು ಪರಿವರ್ತಿಸಿ ಕಳಿಸಿತು. ಮಗುವಿನ ಮುಖಕ್ಕೆ ಬಣ್ಣ ಬಂತು, ಚಿತ್ರ ನಿಂತಿತು. ಅಜ್ಜಿ ಆ ಡಿಸ್ಕನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಂಡರು.

ಇದೇ ತೊಂದರೆ ತಿರುಗುಮುರುಗಾಗಿ ಅಲ್ಲಿಯೂ ಆಗುತ್ತದೆ. ಶಿವಮೊಗ್ಗದ ಸ್ಟುಡಿಯೋದವರು ಮಾಡಿಕೊಟ್ಟ ಮದುವೆಯ ಡಿವಿಡಿ ಪಾಲ್ ಪದ್ಧತಿಯದು. ಅದನ್ನು ಅಮೆರಿಕದಲ್ಲಿರುವ ಮಗಳಿಗೆ ಕಳಿಸಿದರೆ, ಅಲ್ಲಿನ ಅನೇಕ ಪ್ಲೇಯರುಗಳು ಅದನ್ನು ಒಪ್ಪುವುದೇ ಇಲ್ಲ. ಡಿಸ್ಕಿನ ಮೇಲೆ ಬೀಗವಿಲ್ಲದಿದ್ದರೂ ತನ್ನದೇ ಮದುವೆ ಆಕೆಗೆ ಕಾಣುವುದಿಲ್ಲ. ನಮ್ಮ ಕಡೆ ಈಗಿನ ಚಪ್ಪಟೆ ಟಿವಿಗಳು ಎರಡೂ ಪದ್ಧತಿಗಳನ್ನು ತೋರಿಸುತ್ತವೆ, ಆದ್ದರಿಂದ ನಮಗೆ ಈ ಕಷ್ಟ ಬಹುಮಟ್ಟಿಗೆ ನೀಗಿದೆ. ಅಲ್ಲಿರುವ ಮಕ್ಕಳಿಗೆ ಮಾತ್ರ ಹೇಳಿ: ಅವರು ಪ್ಲೇಯರ್ ಕೊಳ್ಳುವುದಾದರೆ ಎಲ್ಲ ವಲಯದ್ದಾಗಿರುವುದರ ಜೊತೆಗೆ ಪಾಲ್ ಚಿತ್ರವನ್ನು ಎನ್‌ಟಿಎಸ್‌ಸಿಗೆ ಪರಿವರ್ತಿಸುವಂಥದ್ದೂ ಆಗಿರಬೇಕು. ವಲಯ ಬೇರೆ, ಪದ್ಧತಿ ಬೇರೆ. ಎರಡನ್ನೂ ಕೇಳಿ ಕೊಳ್ಳಬೇಕು. ಇನ್ನೊಂದು ಸಣ್ಣ ವಿಷಯವನ್ನು ಇಲ್ಲೇ ಸೇರಿಸಿಬಿಡುತ್ತೇನೆ. ಮನೆಯಲ್ಲಿ ಬರೆದ ಡಿಸ್ಕನ್ನು ಕೊನೆಯಲ್ಲಿ ‘ಫೈನಲೈಸ್’ ಮಾಡದಿದ್ದರೆ ಬರೆದ ಯಂತ್ರದಲ್ಲಿ ಓಡೀತು, ಬೇರೆಯವರ ಮನೆಯಲ್ಲಿ ಓಡುವುದಿಲ್ಲ. ಕಳಿಸುವ ಮೊದಲೇ ಅದನ್ನು ಮಾಡಿಸಿಕೊಳ್ಳಬೇಕು.

ಸಮಾರಂಭಗಳ ಡಿಸ್ಕಿಗೆ ವಲಯದ ಬೀಗವಿಲ್ಲ, ನಮ್ಮ ಚಿತ್ರಗಳಿಗೂ ಇಲ್ಲ ಎಂದಮೇಲೆ ಎಲ್ಲ ವಲಯದ ಪ್ಲೇಯರ್ ಯಾರಿಗೆ ಬೇಕು? ಒಳ್ಳೆಯ ಸಿನಿಮಾ ನೋಡಬೇಕೆನ್ನುವ ಯಾರಿಗೇ ಆದರೂ ಬೇಕು. ನಮ್ಮ ಜಿಲ್ಲೆಯವರಾದ ನಾವು ಈ ಮಾತನ್ನು ತುಸು ಹಕ್ಕಿನಿಂದಲೇ ಹೇಳಬಹುದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಹಳ್ಳಿಯ ಜನಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯದಂಥ ಕಡೆಯಿಂದ 16 ಮಿಲಿಮೀಟರಿನ ರೀಲುಗಳು ಬರುತ್ತಿದ್ದವು. ಕುರೊಸಾವಾ ಜಪಾನಿನವನು, ಡಿ ಸಿಕಾ ಇಟಲಿಯವನು ಎಂದು ಪ್ರೊಜೆಕ್ಟರು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಆ ರೀಲು ಎಲ್ಲಿ ತಯಾರಾಗಿದ್ದರೂ ಹೆಗ್ಗೋಡಿನಲ್ಲಿ ಓಡುತ್ತಿತ್ತು. ಅಂಥ ಜಿಲ್ಲೆಯಲ್ಲಿ ಕೂತು, ದುಡ್ಡು ಕೊಟ್ಟು ತರಿಸಿದ ಡಿಸ್ಕು ಒಂದು ಬೈಟಿನ ಕಾರಣಕ್ಕೆ ಓಡುವುದಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನೇ ತೆಗೆದುಕೊಳ್ಳಿ. 1955ರ ಚಿತ್ರ. ಇದೂ ಸೇರಿದ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿ ಸುಟ್ಟವು. ಸುಟ್ಟು ಸುರುಟಿದ ಆ ಸುರುಳಿಗಳನ್ನು ಎಸೆಯದೆ ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯವರು ಕಾಪಾಡಿಟ್ಟುಕೊಂಡರು. ಮುಂದೆ ಇಟಲಿಯ ಬೊಲೊನ್ಯಾದಲ್ಲಿ ತಂತ್ರಜ್ಞರು ಅವುಗಳಿಗೆ ನೀರು ಕುಡಿಸಿ ಮೆದುವಾಗಿಸಿ, ಬಿಡಿಸಿ, ಹರಿದಲ್ಲಿ ಕೈಯಿಂದ ಅಂಟಿಸಿ, ಉಳಿದಷ್ಟನ್ನು ಸ್ಕ್ಯಾನ್ ಮಾಡಿದರು. 2015ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಆ ಮೂರು ಚಿತ್ರಗಳನ್ನು ಡಿಸ್ಕಿನಲ್ಲಿ ಹೊರತಂದಿತು. ದುರ್ಗಾ ಮತ್ತು ಅಪು ಕಾಶಹುಲ್ಲಿನ ನಡುವೆ ರೈಲು ನೋಡಲು ಓಡುವ ದೃಶ್ಯವನ್ನು ಅಷ್ಟು ಸ್ವಚ್ಛವಾಗಿ ಅದಕ್ಕೆ ಮೊದಲು ಮನೆಯಲ್ಲಿ ನೋಡುವುದು ಸಾಧ್ಯವೇ ಇರಲಿಲ್ಲ. ಆದರೆ ಆ ಡಿವಿಡಿ ಮೊದಲನೆಯ ವಲಯದ್ದು! ಬಂಗಾಳದ ಹಳ್ಳಿಯ ಕಥೆ, ಭಾರತದ ಚಿತ್ರ. ಭಾರತಕ್ಕೆಂದು ತಯಾರಾದ ಪ್ಲೇಯರಿಗೆ ಹಾಕಿದರೆ ‘ರಾಂಗ್ ರೀಜನ್’. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಉದಯಶಂಕರ್ ತೆಗೆದ 1948ರ ನೃತ್ಯಚಿತ್ರ ‘ಕಲ್ಪನಾ’ ಕೂಡ ಹೀಗೇ ಹೊರಗಿನವರ ಆರೈಕೆಯಲ್ಲಿ ಹೊಸ ಜೀವ ಪಡೆದು, 2022ರಲ್ಲಿ ಅಮೆರಿಕದಲ್ಲಿ ಡಿಸ್ಕಾಗಿ ಬಂದಿದೆ.

ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿಯವರು ಅದೇ ತಾಲ್ಲೂಕಿನ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆದ ಚಿತ್ರ. ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಸೇರಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾಳೆ ಅದು ಡಿಸ್ಕಾಗಿ ಬಂದರೆ, ಯಾವ ವಲಯದ ಅಂಕಿ ಹೊತ್ತು ಬಂದರೂ, ತೀರ್ಥಹಳ್ಳಿಯ ಮನೆಯಲ್ಲಿ ಅದು ಓಡಲೇಬೇಕು.

ಸಂಗೀತ ಬಲ್ಲ ಕೇಳುಗರಿಗೆ ಇನ್ನೊಂದು ಕಾರಣವೂ ಇದೆ. ಸಿನಿಮಾ ಫಿಲ್ಮಿನಲ್ಲಿ ಸೆಕೆಂಡಿಗೆ 24 ಚಿತ್ರ. ಪಾಲ್ ಡಿಸ್ಕು ಮಾಡುವಾಗ ಅದನ್ನು ಸಾಮಾನ್ಯವಾಗಿ 25ಕ್ಕೆ ಏರಿಸಿ ಓಡಿಸುತ್ತಾರೆ. ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟಿದ್ದರೆ ಶ್ರುತಿಯೂ ಏರುತ್ತದೆ, ಒಂದು ಸ್ವರಸ್ಥಾನಕ್ಕೆ ತುಸು ಕಡಿಮೆ. ‘ಪಥೇರ್ ಪಾಂಚಾಲಿ’ಯಲ್ಲಿ ರವಿಶಂಕರ್ ಅವರ ಸಿತಾರು ಯಾವ ಶ್ರುತಿಯಲ್ಲಿ ನುಡಿದಿತ್ತೋ ಆ ಶ್ರುತಿಯಲ್ಲೇ ಕೇಳಬೇಕೆಂದರೆ ಎನ್‌ಟಿಎಸ್‌ಸಿ ಡಿಸ್ಕೇ ಲೇಸು. ಕಿವಿ ಸೂಕ್ಷ್ಮವಾಗಿರುವವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಈಗ ಅಂಗಡಿಗೆ ಹೋಗೋಣ. ದುರ್ಗಿಗುಡಿಗೆ ಹೋಗಿ, ನೆಹರೂ ರಸ್ತೆಗೆ ಹೋಗಿ, ಅಥವಾ ಆನ್‌ಲೈನಿನಲ್ಲಿ ತರಿಸಿ. ಅಂಗಡಿಗೆ ಹೋಗುವುದಾದರೆ ಮನೆಯಿಂದ ಡಿಸ್ಕುಗಳನ್ನು ಜೊತೆಗೆ ಒಯ್ಯಿರಿ. ಹೊರದೇಶದ ಅಂಕಿ ಇರುವ ಒಂದು ಅಸಲಿ ಡಿವಿಡಿ, ಮನೆಯ ಸಮಾರಂಭದ್ದೊಂದು, ಹಳೆಯ ವಿಸಿಡಿ ಒಂದು. ವಿಸಿಡಿಯನ್ನು ಮರೆಯಬೇಡಿ. ಹೊರದೇಶದಿಂದ ಬರುವ ಪ್ಲೇಯರುಗಳಲ್ಲಿ, ಅದರಲ್ಲೂ ಬ್ಲೂ-ರೇ ಪ್ಲೇಯರುಗಳಲ್ಲಿ, ಎಷ್ಟೋ ವಿಸಿಡಿಯನ್ನು ಓದುವುದಿಲ್ಲ. ಜಗತ್ತಿನ ಎಲ್ಲ ಚಿತ್ರಗಳೂ ಓಡಿ ಮನೆಯಲ್ಲಿರುವ ‘ಬಂಗಾರದ ಮನುಷ್ಯ’ ಓಡದಿದ್ದರೆ ಆ ಪ್ಲೇಯರಿನಿಂದ ನಮಗೇನು ಬಂತು? ಮೂರನ್ನೂ ಹಾಕಿಸಿ ಐದೈದು ನಿಮಿಷ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ಲೇಯರಿನ ಹಿಂಬದಿಯನ್ನೂ ನೋಡಬೇಕು. ಹಳದಿ, ಬಿಳಿ, ಕೆಂಪು ತೂತುಗಳು ಹಳೆಯ ಟಿವಿಗೆ. ಎಚ್‌ಡಿಎಂಐ ಹೊಸ ಟಿವಿಗೆ. ಈಗಿನ ಕೆಲವು ಟಿವಿಗಳಲ್ಲಿ ಹಳದಿ ತೂತು ಇರುವುದೇ ಇಲ್ಲ. ಅದೇ ಬದಿಯಲ್ಲಿ ವಿದ್ಯುತ್ತಿನ ಚೀಟಿ ಅಂಟಿಸಿರುತ್ತಾರೆ. 100ರಿಂದ 240 ವೋಲ್ಟ್ ಎಂದಿದ್ದರೆ ನಿಶ್ಚಿಂತೆ. ಬರೀ 110 ಅಥವಾ 120 ಎಂದಿದ್ದರೆ ಅದು ಅಮೆರಿಕದ ವಿದ್ಯುತ್ತಿಗೆ ಮಾಡಿದ್ದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಮಕ್ಕಳು ಪ್ರೀತಿಯಿಂದ ಹೊತ್ತು ತಂದದ್ದು ಮೊದಲ ದಿನವೇ ಹಾಳಾಗಬಾರದು.

ವಲಯ ಬದಲಿಸುವ ವಿಧಾನವನ್ನು ಅಂಗಡಿಯವರಿಂದ ಅಲ್ಲೇ ಮಾಡಿಸಿ ನೋಡಿ. ಕೆಲವು ಕಾರ್ಖಾನೆಯಿಂದಲೇ ಎಲ್ಲ ವಲಯಕ್ಕೂ ತೆರೆದು ಬರುತ್ತವೆ. ಕೆಲವುಗಳಲ್ಲಿ ಟ್ರೇ ಹೊರಗೆ ಚಾಚಿಸಿ, ರಿಮೋಟಿನಲ್ಲಿ ಇಂತಿಂಥ ಅಂಕಿಗಳನ್ನು ಒತ್ತಿದರೆ ಒಂದು ಗುಪ್ತ ಮೆನು ತೆರೆಯುತ್ತದೆ. ಅಲ್ಲಿ ವಲಯವನ್ನು ಸೊನ್ನೆಗೆ ಇಡಬಹುದು. ಆ ಅಂಕಿಗಳು ಮಾದರಿಯಿಂದ ಮಾದರಿಗೆ ಬೇರೆ. ಚೀಟಿಯಲ್ಲಿ ಬರೆದು ಪ್ಲೇಯರಿನ ತಳಕ್ಕೆ ಅಂಟಿಸಿಟ್ಟುಕೊಳ್ಳಿ. ಸಾಧ್ಯವಾದರೆ ‘ಎಲ್ಲ ವಲಯ’ ಎಂಬುದರ ಜೊತೆಗೆ ಒಂದೊಂದು ವಲಯವನ್ನು ಪ್ರತ್ಯೇಕವಾಗಿ ಆರಿಸುವ ಸೌಕರ್ಯವಿರುವುದನ್ನೇ ಕೊಳ್ಳಿ. ಇದಕ್ಕೆ ಕಾರಣವಿದೆ. 2000ದಿಂದೀಚೆಗೆ ಕೆಲವು ಅಮೆರಿಕದ ಡಿಸ್ಕುಗಳಲ್ಲಿ ಎರಡನೆಯ ಕಾವಲನ್ನು ಇಟ್ಟರು. ಪ್ಲೇಯರ್ ‘ನಾನು ಎಲ್ಲ ವಲಯದವನು’ ಎಂದರೆ ಆ ಡಿಸ್ಕು ಓಡುವುದಿಲ್ಲ. ವಲಯವನ್ನು ಒಂದು ಎಂದು ನಿಲ್ಲಿಸಿದರೆ ಓಡುತ್ತದೆ. ಪ್ಲೇಯರನ್ನು ಬಿಚ್ಚಿ ಚಿಪ್ ಬದಲಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗದಿರುವುದು ಒಳ್ಳೆಯದು. ವಾರಂಟಿ ಅಲ್ಲಿಗೆ ಮುಗಿಯುತ್ತದೆ.

ಪ್ಲೇಯರ್ ಯಾಕೆ, ಕಂಪ್ಯೂಟರಿದೆಯಲ್ಲ ಎನ್ನುವ ಯುವಕರಿಗೆ ಒಂದು ಎಚ್ಚರಿಕೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ಐದನೆಯ ಸಲ ಯಾವುದಿತ್ತೋ ಅದೇ ಶಾಶ್ವತ. ಬದಲಿಸಲೇ ಎಂದು ಅದು ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಗೆ ಕೊಡಬೇಡಿ. ಬ್ಲೂ-ರೇ ಬೇಕೆನ್ನುವವರಿಗೂ ಒಂದು ಮಾತು: ಅಲ್ಲಿ ವಲಯಗಳು ಮೂರು, ಎ, ಬಿ, ಸಿ ಎಂದು. ಅಮೆರಿಕ, ಜಪಾನು ಎ. ಯುರೋಪು, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಬ್ಲೂ-ರೇ ಪ್ಲೇಯರ್ ‘ಮಲ್ಟಿ ರೀಜನ್’ ಎಂದರೆ ಡಿವಿಡಿಗೆ ಮಾತ್ರವೋ, ಎರಡಕ್ಕೂ ಹೌದೋ ಎಂದು ಬಿಡಿಸಿ ಕೇಳಬೇಕು. ಆಮೇಲೆ ಬಂದ 4ಕೆ ಡಿಸ್ಕುಗಳಿಗೆ ವಲಯದ ಬೀಗವನ್ನೇ ಹಾಕಲಿಲ್ಲ. ಬೇಲಿ ಬೇಕಿಲ್ಲವೆಂದು ಅದನ್ನು ಹಾಕಿದವರಿಗೇ ಕೊನೆಗೆ ತೋಚಿತು.

ಇದೆಲ್ಲ ಕಾನೂನಿಗೆ ವಿರುದ್ಧವೇ ಎಂದು ಕೆಲವರು ಅಂಜುತ್ತಾರೆ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಎಂಬ ಕಲಮು ಸೇರಿತು. ರಕ್ಷಣಾ ತಂತ್ರವನ್ನು ಮುರಿಯುವುದನ್ನು ಅದು ಶಿಕ್ಷಿಸುವುದು, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದಾಗ. ಕಾಸು ಕೊಟ್ಟು ಕೊಂಡ ಅಸಲಿ ಡಿಸ್ಕನ್ನು ಮನೆಮಂದಿ ಕೂತು ನೋಡುವುದರಲ್ಲಿ ಕಳ್ಳತನದ ಉದ್ದೇಶ ಎಲ್ಲಿದೆ? ನ್ಯೂಜಿಲೆಂಡಿನ ಕಾಯಿದೆಯಂತೂ 2008ರಲ್ಲಿಯೇ ಇಂಥ ವಲಯದ ಬೀಗವನ್ನು ರಕ್ಷಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ನಕಲಿ ಡಿಸ್ಕಿನ ಪರವಾಗಿ ನಾನು ಒಂದಕ್ಷರವನ್ನೂ ಆಡುವುದಿಲ್ಲ. ಸುಟ್ಟ ಸುರುಳಿಗೆ ಕೈಯಿಂದ ಅಂಟು ಹಾಕಿದವರ ಕೂಲಿ ಅಸಲಿ ಡಿಸ್ಕಿನ ಬೆಲೆಯಲ್ಲಿದೆ.

ತಂದ ಮೇಲೆ ನಮ್ಮ ಮಲೆನಾಡಿನ ಮಳೆಗಾಲದಿಂದ ಅದನ್ನು ಕಾಪಾಡಬೇಕು. ಆಷಾಢ, ಶ್ರಾವಣದಲ್ಲಿ ಬಟ್ಟೆಗೆ, ಪುಸ್ತಕಕ್ಕೆ ಬರುವ ಬೂಷ್ಟು ಡಿಸ್ಕಿಗೂ ಬರುತ್ತದೆ. ಡಿಸ್ಕನ್ನು ಅದರ ಡಬ್ಬಿಯಲ್ಲೇ, ನಿಲ್ಲಿಸಿ ಇಡಿ. ಒರೆಸುವಾಗ ಮೆದು ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಲೇಸರಿನ ಹಾದಿಯುದ್ದಕ್ಕೂ ಬೀಳುತ್ತದೆ. ಪ್ಲೇಯರನ್ನು ಆಗಾಗ ಸ್ವಲ್ಪ ಹೊತ್ತು ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ.

ಕೊಳ್ಳುವ ಮನಸ್ಸಿದ್ದವರು ತಡ ಮಾಡಬಾರದು. ಒಳ್ಳೆಯ ಪ್ಲೇಯರುಗಳಿಗೆ ಹೆಸರಾಗಿದ್ದ ಒಪ್ಪೊ ಕಂಪನಿ 2018ರಲ್ಲಿ ಆ ಕೆಲಸ ಬಿಟ್ಟಿತು. ಅಂಚೆಯಲ್ಲಿ ಡಿಸ್ಕು ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಇಂಟರ್‌ನೆಟ್ಟಿನಲ್ಲಿ ಇವತ್ತು ಇರುವ ಚಿತ್ರ ಒಪ್ಪಂದ ಮುಗಿದೊಡನೆ ಹೇಳದೆ ಕೇಳದೆ ಮಾಯವಾಗುತ್ತದೆ. ಶೋಕೇಸಿನಲ್ಲಿರುವ ಡಿಸ್ಕನ್ನು ಹಾಗೆ ಯಾರೂ ತೆಗೆದುಕೊಂಡು ಹೋಗಲಾರರು. ಅಂಗಡಿಗಳಲ್ಲಿ ಇನ್ನೂ ಪ್ಲೇಯರ್ ಸಿಗುತ್ತಿರುವಾಗಲೇ, ನಿಮ್ಮ ಡಿಸ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ರತಿಯೊಂದನ್ನೂ ಓಡಿಸಿ ನೋಡಿ, ಒಂದನ್ನು ಮನೆಗೆ ತನ್ನಿ.